ಸಾಲ ಹತ್ತು ವರ್ಷ, ಪರವಾನಗಿ ಹದಿನೆಂಟು ತಿಂಗಳು

ವಿದೇಶಿ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಕಳಿಸುವ ನಮ್ಮ ಮಧ್ಯಮ ವರ್ಗದ ಕುಟುಂಬಗಳು ಒಂದೇ ಶುಲ್ಕ ಕಟ್ಟಿ ಎರಡು ಸಂಗತಿಗಳನ್ನು ಕೊಳ್ಳುತ್ತವೆ. ಒಂದು, ಓದು. ಇನ್ನೊಂದು, ಓದು ಮುಗಿದ ಮೇಲೆ ಅದೇ ದೇಶದಲ್ಲಿ ಕೆಲಕಾಲ ದುಡಿಯಲು ಸಿಗುವ ಅನುಮತಿ. ಶುಲ್ಕದ ರಸೀದಿಯಲ್ಲಿ ಮೊದಲನೆಯದರ ಹೆಸರು ಮಾತ್ರ ಇರುತ್ತದೆ. ಆದರೆ ಸಾಲದ ಲೆಕ್ಕವೆಲ್ಲ ನಿಂತಿರುವುದು ಎರಡನೆಯದರ ಮೇಲೆ. ಆ ಎರಡನೆಯದಕ್ಕೆ ಬ್ರಿಟನ್ ಈಗ ಕತ್ತರಿ ಹಾಕಿದೆ. ವಲಸೆ ನೀತಿ ಕುರಿತು 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಹೊರಡಿಸಿದ ಶ್ವೇತಪತ್ರದ ಫಲವಾಗಿ, 2027ರ ಜನವರಿ 1ರಂದು ಅಥವಾ ಆನಂತರ ಅರ್ಜಿ ಸಲ್ಲಿಸುವ ಪದವೀಧರರಿಗೆ ಎರಡು ವರ್ಷದ ಬದಲು 18 ತಿಂಗಳ ಪರವಾನಗಿ ಸಿಗಲಿದೆ. ಪಿಎಚ್.ಡಿ. ಮುಗಿಸಿದವರ ಮೂರು ವರ್ಷದ ಅವಧಿಯನ್ನು ಮಾತ್ರ ಮುಟ್ಟಿಲ್ಲ.

ಆರು ತಿಂಗಳು ತಾನೇ, ಅದಕ್ಕೇಕೆ ಇಷ್ಟು ಗದ್ದಲ ಎಂದು ಕೇಳುವವರಿದ್ದಾರೆ. ಬ್ಯಾಂಕಿನ ಶಾಖೆಗಳಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಲೇ ನೌಕರಿಯ ಬಹುಭಾಗವನ್ನು ಕಳೆದ ನನಗೆ ಈ ಪ್ರಶ್ನೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಸಾಲದ ಅರ್ಜಿಯಲ್ಲಿ ಓದು ಮುಗಿದ ನಂತರದ ನಿರೀಕ್ಷಿತ ಆದಾಯವನ್ನು ಕೇಳುವ ಒಂದು ಕಾಲಂ ಇರುತ್ತದೆ. ಬ್ರಿಟನ್ನಿಗೆ ಹೊರಟವರು ಅಲ್ಲಿ ಪೌಂಡಿನ ಸಂಬಳವನ್ನೂ ಅಮೆರಿಕಕ್ಕೆ ಹೊರಟವರು ಡಾಲರಿನ ಸಂಬಳವನ್ನೂ ರೂಪಾಯಿಗೆ ಪರಿವರ್ತಿಸಿ ಬರೆಯುತ್ತಿದ್ದರು. ವಾಪಸು ಬಂದರೆ ಬೆಂಗಳೂರಿನಲ್ಲಿ ಇಷ್ಟು ಸಿಗಬಹುದು ಎಂದು ಆ ಕಾಲಂನಲ್ಲಿ ಬರೆದ ಒಂದೇ ಒಂದು ಅರ್ಜಿಯೂ ನನಗೆ ನೆನಪಿಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವುದು ಎಂದರೆ ಇದೇ. ಆದರೆ ಇದರಲ್ಲಿ ಅರ್ಜಿದಾರರದಷ್ಟೇ ತಪ್ಪು ಎನ್ನಲಾಗದು. ವಿಶ್ವವಿದ್ಯಾಲಯದ ಕೈಪಿಡಿ, ಪ್ರವೇಶ ಕೊಡಿಸುವ ಏಜೆಂಟ್, ಸಾಲ ನೀಡುವ ಸಂಸ್ಥೆ ಎಲ್ಲರೂ ಅವರಿಗೆ ತೋರಿಸಿದ್ದು ಆ ಒಂದು ದಾರಿಯನ್ನೇ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಒಂದು ವರ್ಷದ ಸ್ನಾತಕೋತ್ತರ ಪದವಿಗೆ 30 ಲಕ್ಷ ರೂಪಾಯಿ ಸಾಲ, ಶೇ 10ರ ಬಡ್ಡಿ ಎಂದಿಟ್ಟುಕೊಳ್ಳಿ. ನಮ್ಮ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ; ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಎರಡು ವರ್ಷದ ಸರಳ ಬಡ್ಡಿ ಆರು ಲಕ್ಷ ಸೇರಿದರೆ ಬಾಕಿ 36 ಲಕ್ಷ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 47,500 ರೂಪಾಯಿ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ದುಡಿಯುವ ಪದವೀಧರನಿಗೆ ಇದು 400 ಪೌಂಡಿನ ಆಸುಪಾಸಿನ ಮೊತ್ತ, ಕಷ್ಟವಾದರೂ ಕಟ್ಟಬಹುದು. ಆತ ಬೆಂಗಳೂರಿಗೆ ಮರಳಿದರೆ? ನಮ್ಮ ದೊಡ್ಡ ಮಾಹಿತಿ ತಂತ್ರಜ್ಞಾನ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವೇತನ ಬಹುಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತಲೇ ನಿಂತಿದೆ, ಅಂದರೆ ತಿಂಗಳಿಗೆ 30 ಸಾವಿರಕ್ಕಿಂತ ಕಡಿಮೆ. ವಿದೇಶಿ ಪದವಿಯ ಬಲದಿಂದ ಅದರ ಎರಡರಷ್ಟು ಸಂಬಳ ಸಿಕ್ಕಿದರೂ ಕಂತು ಕಟ್ಟಿದ ಮೇಲೆ ಉಳಿಯುವುದು ಹತ್ತು ಸಾವಿರ. ಆಗ ಕಂತಿನ ಭಾರ ಸಹ ಸಾಲಗಾರನಾದ ತಂದೆಯ ನಿವೃತ್ತಿ ವೇತನದ ಮೇಲೆ ಬೀಳುತ್ತದೆ, ಅಥವಾ ಅಡಮಾನವಿಟ್ಟ ಮನೆಯ ಮೇಲೆ.

ಕಡಿತವಾದ ಆರು ತಿಂಗಳ ಮಹತ್ವ ಇಲ್ಲಿ ತಿಳಿಯುತ್ತದೆ. ಕಂತು ಆರಂಭವಾಗುವುದು ಓದು ಮುಗಿದ ಒಂದು ವರ್ಷದ ಮೇಲೆ. ಎರಡು ವರ್ಷದ ಪರವಾನಗಿ ಇದ್ದವನಿಗೆ ಆನಂತರವೂ ಪೌಂಡಿನಲ್ಲಿ ಕಂತು ಕಟ್ಟಲು ಹನ್ನೆರಡು ತಿಂಗಳಿದ್ದವು. 18 ತಿಂಗಳ ಪರವಾನಗಿ ಇರುವವನಿಗೆ ಉಳಿಯುವುದು ಆರೇ ತಿಂಗಳು. ಕೆಲಸ ಹುಡುಕುವುದಕ್ಕೇ ಮೊದಲ ಕೆಲವು ತಿಂಗಳು ಹೋಗುತ್ತವೆ. ಅಲ್ಲಿಂದ ಮುಂದೆ ನೆಲೆಯೂರಬೇಕಾದರೆ ಉದ್ಯೋಗದಾತನೇ ಪ್ರಾಯೋಜಿಸುವ ಕುಶಲ ಕೆಲಸಗಾರರ ವೀಸಾ ಬೇಕು. 2025ರ ಜುಲೈನಲ್ಲಿ ನಿಗದಿಯಾದಂತೆ ಅದಕ್ಕೆ ಪದವಿ ಮಟ್ಟದ ಹುದ್ದೆ ಹಾಗೂ ಸಾಮಾನ್ಯವಾಗಿ ಕನಿಷ್ಠ 41,700 ಪೌಂಡ್ ವಾರ್ಷಿಕ ವೇತನ ಇರಬೇಕು. ಹೊಸದಾಗಿ ವೃತ್ತಿಗೆ ಸೇರುವವರಿಗೆ 33,400 ಪೌಂಡ್. ಎರಡು ವರ್ಷ ದುಡಿದು ಅನುಭವ ಪಡೆದವನಿಗೆ ಅಷ್ಟು ವೇತನ ಸಿಗುವ ಸಂಭವಕ್ಕೂ ಒಂದೇ ವರ್ಷ ದುಡಿದವನಿಗೆ ಸಿಗುವ ಸಂಭವಕ್ಕೂ ವ್ಯತ್ಯಾಸವಿದೆ. ಈ ಪರವಾನಗಿ ಪುಕ್ಕಟೆಯದೂ ಅಲ್ಲ. 2025ರ ದರದಲ್ಲಿ ಅರ್ಜಿ ಶುಲ್ಕ 880 ಪೌಂಡ್. ಅದರ ಮೇಲೆ ಆರೋಗ್ಯ ಸೇವೆಯ ಹೆಚ್ಚುವರಿ ಶುಲ್ಕ ವರ್ಷಕ್ಕೆ 1,035 ಪೌಂಡ್.

ಬ್ರಿಟನ್ ಈ ಬಾಗಿಲನ್ನು ತೆರೆದು ಮುಚ್ಚುತ್ತಿರುವುದು ಇದೇ ಮೊದಲಲ್ಲ. ಜನಸಂಖ್ಯೆ ಇಳಿಯುತ್ತಿದೆ ಎಂಬ ಆತಂಕದಿಂದ ಸ್ಕಾಟ್ಲೆಂಡ್ 2005ರಲ್ಲಿ ತನ್ನಲ್ಲಿ ಓದಿದ ವಿದೇಶಿಯರಿಗೆ ಎರಡು ವರ್ಷ ಉಳಿಯುವ ಅವಕಾಶ ಕೊಟ್ಟಿತು. 2008ರಲ್ಲಿ ಇಡೀ ಬ್ರಿಟನ್ನಿಗೆ ಅನ್ವಯವಾಗುವ ಎರಡು ವರ್ಷದ ಪರವಾನಗಿ ಬಂತು. ವಲಸೆಯನ್ನು ತಗ್ಗಿಸುವ ಪಣ ತೊಟ್ಟಿದ್ದ ಡೇವಿಡ್ ಕ್ಯಾಮರಾನ್ ಸರ್ಕಾರದಲ್ಲಿ ಗೃಹ ಸಚಿವೆಯಾಗಿದ್ದ ತೆರೇಸಾ ಮೇ 2011ರ ಮಾರ್ಚ್‌ನಲ್ಲಿ ಅದರ ರದ್ದತಿಯನ್ನು ಘೋಷಿಸಿದರು. 2012ರ ಏಪ್ರಿಲ್‌ನಲ್ಲಿ ಅದು ಮುಚ್ಚಿತು. ಬೋರಿಸ್ ಜಾನ್ಸನ್ ಸರ್ಕಾರ 2019ರಲ್ಲಿ ಮತ್ತೆ ಘೋಷಿಸಿತು. 2021ರ ಜುಲೈ 1ರಂದು ಹೊಸ ಹೆಸರಿನಲ್ಲಿ ಬಾಗಿಲು ತೆರೆಯಿತು. 2024ರಲ್ಲಿ ಸರ್ಕಾರವೇ ಕೇಳಿಕೊಂಡ ಮೇರೆಗೆ ವಲಸೆ ಸಲಹಾ ಸಮಿತಿಯು ಪರಿಶೀಲಿಸಿ, ವ್ಯಾಪಕ ದುರುಪಯೋಗ ಕಂಡುಬಂದಿಲ್ಲ, ಈ ವ್ಯವಸ್ಥೆ ಮುಂದುವರಿಯಲಿ ಎಂದಿತು. ಮರುವರ್ಷವೇ ಅವಧಿ ಕಡಿತದ ನಿರ್ಧಾರ ಬಂತು. ಇಪ್ಪತ್ತು ವರ್ಷಗಳಲ್ಲಿ ಒಂದೇ ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದು, ಈಗ ಅರ್ಧ ಓರೆಯಾಗಿದೆ. ನಮ್ಮ ಶಿಕ್ಷಣ ಸಾಲವನ್ನು ತೀರಿಸಲು ಹತ್ತು, ಹದಿನೈದು ವರ್ಷ ಬೇಕು.

ಈ ಪರವಾನಗಿಯೇ ನಿಜವಾದ ಆಕರ್ಷಣೆ ಎಂಬುದಕ್ಕೆ ಅಂಕಿ ಅಂಶಗಳು ಸಾಕ್ಷಿ. 2010-11ರಲ್ಲಿ ಬ್ರಿಟನ್ನಿನ ಉನ್ನತ ಶಿಕ್ಷಣದಲ್ಲಿ ಸುಮಾರು 39 ಸಾವಿರ ಭಾರತೀಯರಿದ್ದರು. ಬಾಗಿಲು ಮುಚ್ಚಿದ ಐದಾರು ವರ್ಷಗಳಲ್ಲಿ ಆ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಬಾಗಿಲು ಮತ್ತೆ ತೆರೆದ ಮರುವರ್ಷ, 2022ರಲ್ಲಿ, ವಿದ್ಯಾರ್ಥಿ ವೀಸಾ ಪಡೆದವರಲ್ಲಿ ಭಾರತೀಯರು ಚೀನೀಯರನ್ನೂ ಹಿಂದಿಕ್ಕಿದರು. ವಿಶ್ವವಿದ್ಯಾಲಯಗಳಿಗೂ ಇದು ಚೆನ್ನಾಗಿ ಗೊತ್ತು. ಇಂಗ್ಲೆಂಡಿನಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕ 2017ರಿಂದ 2025ರವರೆಗೆ 9,250 ಪೌಂಡಿನಲ್ಲೇ ನಿಂತಿತ್ತು. ಅದರಿಂದಾದ ನಷ್ಟವನ್ನೂ ಸಂಶೋಧನೆಯ ಖರ್ಚಿನ ಕೊರತೆಯನ್ನೂ ತುಂಬಿದ್ದು ನಮ್ಮಂಥವರ ಮಕ್ಕಳು ಕಟ್ಟಿದ ದುಬಾರಿ ಶುಲ್ಕ. ಆಶ್ವಾಸನೆಯನ್ನು ಮಾರುವುದು ವಿಶ್ವವಿದ್ಯಾಲಯ. ಅದನ್ನು ಈಡೇರಿಸುವ ಅಥವಾ ಹಿಂಪಡೆಯುವ ಅಧಿಕಾರ ಗೃಹ ಇಲಾಖೆಯದು. ಒಬ್ಬರು ಹಣ ಪಡೆದು ಇನ್ನೊಬ್ಬರ ಹೆಸರಿನಲ್ಲಿ ಮಾತು ಕೊಡುವ ಇಂಥ ವ್ಯವಹಾರವನ್ನು ಬೇರೆ ಯಾವ ವ್ಯಾಪಾರದಲ್ಲೂ ನಾವು ಒಪ್ಪುವುದಿಲ್ಲ.

ಅಮೆರಿಕದ ಕಥೆ ಬೇರೆ ಬಗೆಯದಾದರೂ ಅಸ್ಥಿರತೆ ಅದೇ. ಅಲ್ಲಿನ ಆಪ್ಷನಲ್ ಪ್ರಾಕ್ಟಿಕಲ್ ಟ್ರೈನಿಂಗ್ ಎಂಬ ವ್ಯವಸ್ಥೆ ನಿಂತಿರುವುದು ಸಂಸತ್ತಿನ ನೇರ ಕಾನೂನಿನ ಮೇಲಲ್ಲ, ಆಡಳಿತದ ನಿಯಮಗಳ ಮೇಲೆ. ಮೂಲ ಅವಧಿ 12 ತಿಂಗಳು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ 2008ರಲ್ಲಿ 17 ತಿಂಗಳ ವಿಸ್ತರಣೆ ಸಿಕ್ಕಿತು. ಕಾರ್ಯವಿಧಾನದ ಲೋಪದಿಂದಾಗಿ 2015ರಲ್ಲಿ ಕೆಳ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2016ರಲ್ಲಿ ವಿಸ್ತರಣೆ 24 ತಿಂಗಳಾಗಿ ಮರಳಿತು. ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು; ಸುಪ್ರೀಂ ಕೋರ್ಟ್ 2023ರಲ್ಲಿ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಲು ನಿರಾಕರಿಸಿತು. ವರ್ಷಕ್ಕೆ 65 ಸಾವಿರ, ಅಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಹೆಚ್ಚುವರಿ 20 ಸಾವಿರ ಎಂಬ ಮಿತಿಯುಳ್ಳ ಎಚ್-1ಬಿ ವೀಸಾಕ್ಕೆ ಕಾಯುವ ನಮ್ಮ ಎಂಜಿನಿಯರುಗಳಿಗೆ ಈ ಮೂರು ವರ್ಷವೆಂದರೆ ಅದೃಷ್ಟ ಪರೀಕ್ಷೆಗೆ ಸಿಗುವ ಕೆಲವೇ ಸರದಿಗಳು. ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಇರುವಂತಿಲ್ಲ ಎಂಬ ನಿಬಂಧನೆಯಂತೂ ಆರ್ಥಿಕ ಹಿಂಜರಿತದ ದಿನಗಳಲ್ಲಿ ಕುತ್ತಿಗೆಯ ಮೇಲಿನ ಕತ್ತಿ.

ಆತಿಥೇಯ ದೇಶಗಳನ್ನು ಖಳನಾಯಕರಂತೆ ಚಿತ್ರಿಸುವುದು ನನ್ನ ಉದ್ದೇಶವಲ್ಲ. ಯಾರು ಬರಬೇಕು, ಎಷ್ಟು ಕಾಲ ಇರಬೇಕು ಎಂದು ತೀರ್ಮಾನಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ. ಬಾಡಿಗೆ ಮನೆಗಳ ಅಭಾವದಿಂದ ಬಳಲಿದ ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿದ್ದು ಅರ್ಥವಾಗುವ ಸಂಗತಿಯೇ. ಪದವಿ ಪಡೆದವರು ಪದವಿಗೆ ತಕ್ಕ ಹುದ್ದೆಗಳಿಗೆ ಹೋಗುತ್ತಿಲ್ಲ ಎಂಬ ಬ್ರಿಟನ್ನಿನ ದೂರಿನಲ್ಲಿಯೂ ಸತ್ಯಾಂಶವಿದೆ. ಓದಿನ ನೆಪದಲ್ಲಿ ವಲಸೆ ಮಾರುವ ಕಾಲೇಜುಗಳು ಅಲ್ಲಿ ಹುಟ್ಟಿಕೊಂಡವು. ಅವುಗಳಿಗೆ ಗಿರಾಕಿಗಳನ್ನು ಒದಗಿಸಿದ ಏಜೆಂಟರು ನಮ್ಮ ಊರುಗಳಲ್ಲೇ ಇದ್ದರು. ನಿಯಮ ಬದಲಾಗಬಾರದು ಎಂದು ಹೇಳುವ ಅಧಿಕಾರ ನಮಗಿಲ್ಲ.

ಆದರೆ ಬದಲಾದ ನಿಯಮ ಯಾರಿಗೆ ಅನ್ವಯವಾಗಬೇಕು ಎಂಬುದು ಬೇರೆಯದೇ ಪ್ರಶ್ನೆ. ಅನ್ಯಾಯ ಅಡಗಿರುವುದು ಅಲ್ಲಿ. ಬ್ರಿಟನ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪರವಾನಗಿಗೆ ಅರ್ಜಿ ಹಾಕಿದ ದಿನವನ್ನು, ಕೋರ್ಸಿಗೆ ಸೇರಿದ ದಿನವನ್ನಲ್ಲ. 2024ರ ಸೆಪ್ಟೆಂಬರಿನಲ್ಲಿ ಮೂರು ವರ್ಷದ ಪದವಿಗೆ ಸೇರಿದ ಹುಡುಗಿಗೆ ಅಂದು ಹೇಳಿದ್ದು ಎರಡು ವರ್ಷ. ಆಕೆ 2027ರಲ್ಲಿ ಓದು ಮುಗಿಸುವಾಗ ಸಿಗುವುದು 18 ತಿಂಗಳು. 2012ರಲ್ಲಿಯೂ ಹೀಗೆಯೇ ಆಯಿತು. 2009ರಲ್ಲಿ ಮೂರು ವರ್ಷದ ಪದವಿಗೆ ಸೇರಿ 2012ರ ಬೇಸಿಗೆಯಲ್ಲಿ ಮುಗಿಸಿದವರು ಕೆಲವೇ ತಿಂಗಳ ಅಂತರದಲ್ಲಿ ಎಲ್ಲವನ್ನೂ ಕಳೆದುಕೊಂಡರು. ಶುಲ್ಕವನ್ನು ಯಾರೂ ಹಿಂದಿರುಗಿಸಲಿಲ್ಲ.

ಇದಕ್ಕೆ ಪರ್ಯಾಯವಿಲ್ಲ ಎನ್ನುವಂತೆಯೂ ಇಲ್ಲ. ಯಾವ ವಿಷಯ ಓದಿದವರಿಗೆ ಕೆಲಸದ ಪರವಾನಗಿ ಎಂಬ ನಿಬಂಧನೆಯನ್ನು ಕೆನಡಾ ತಂದಾಗ, 2024ರ ನವೆಂಬರ್ 1ಕ್ಕೆ ಮುಂಚೆ ಓದಿನ ಪರವಾನಗಿಗೆ ಅರ್ಜಿ ಸಲ್ಲಿಸಿದ್ದವರನ್ನು ಅದರಿಂದ ಹೊರಗಿಟ್ಟಿತು. ಆಸ್ಟ್ರೇಲಿಯಾದ ಉದಾಹರಣೆ ಇನ್ನೂ ಮುಖ್ಯವಾದದ್ದು. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಲ್ಲಿ ನಮ್ಮ ಪದವೀಧರರು ಅಲ್ಲಿ ಉಳಿಯಬಹುದಾದ ಅವಧಿಯನ್ನು ಬರೆದು ಸಹಿ ಹಾಕಲಾಗಿದೆ. 2024ರ ಜುಲೈನಲ್ಲಿ ಆಸ್ಟ್ರೇಲಿಯಾ ಎಲ್ಲರ ಅವಧಿಯನ್ನು ಮೊಟಕುಗೊಳಿಸಿದಾಗಲೂ ಭಾರತೀಯ ಸ್ನಾತಕೋತ್ತರ ಪದವೀಧರರ ಮೂರು ವರ್ಷ, ಪಿಎಚ್.ಡಿ. ಪಡೆದವರ ನಾಲ್ಕು ವರ್ಷ ಹಾಗೆಯೇ ಉಳಿದವು. ಅರ್ಜಿದಾರರ ವಯೋಮಿತಿ ಬಿಗಿಯಾಯಿತು ನಿಜ. ಆದರೆ ಒಪ್ಪಂದದಲ್ಲಿ ಬರೆದದ್ದನ್ನು ಅಳಿಸಲಾಗಲಿಲ್ಲ. ಬ್ರಿಟನ್ನಿನೊಂದಿಗೆ 2025ರ ಜುಲೈನಲ್ಲಿ ನಾವು ಸಹಿ ಮಾಡಿದ ವ್ಯಾಪಾರ ಒಪ್ಪಂದ ವಿಸ್ಕಿ, ಕಾರು, ಜವಳಿಗಳ ಸುಂಕದ ಬಗ್ಗೆ ವಿವರವಾಗಿ ಮಾತನಾಡುತ್ತದೆ. 18 ತಿಂಗಳ ನಿಯಮದಿಂದ ನಮ್ಮ ವಿದ್ಯಾರ್ಥಿಗಳಿಗೆ ವಿನಾಯಿತಿಯನ್ನು ಮಾತ್ರ ಅದು ತರಲಿಲ್ಲ.

ಆದ್ದರಿಂದ ದೆಹಲಿಯಿಂದ ನಾವು ಕೇಳಬೇಕಾದುದು ಹೆಚ್ಚಿನದೇನೂ ಅಲ್ಲ. ಪ್ರವೇಶದ ದಿನ ಇದ್ದ ನಿಯಮವೇ ಆ ವಿದ್ಯಾರ್ಥಿಗೆ ಕೊನೆಯವರೆಗೂ ಅನ್ವಯಿಸಬೇಕು ಎಂಬ ಒಂದು ಸಾಲು ಇಂಥ ಒಪ್ಪಂದಗಳಲ್ಲಿ ಸೇರಬೇಕು. ಇದು ಔದಾರ್ಯದ ಬೇಡಿಕೆಯಲ್ಲ, ಕೊಟ್ಟ ಹಣಕ್ಕೆ ಪ್ರತಿಯಾಗಿ ಕೇಳುವ ಸಾಮಾನ್ಯ ವ್ಯವಹಾರ ನೀತಿ. ಬ್ಯಾಂಕುಗಳೂ ಒಂದು ಸುಧಾರಣೆ ಮಾಡಬಹುದು. ನಿರೀಕ್ಷಿತ ಆದಾಯದ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಓದು ಮುಗಿದ ಮರುದಿನವೇ ಭಾರತಕ್ಕೆ ಮರಳಿದರೆ ಆದಾಯ ಎಷ್ಟು? ಮಂಜೂರಾತಿಗೆ ಮುನ್ನ ಆ ಅಂಕಿಯ ಮುಂದೆ ತಿಂಗಳ ಕಂತನ್ನೂ ಬರೆದು ತಂದೆ, ತಾಯಿ, ಮಗ ಅಥವಾ ಮಗಳು ಮೂವರ ಸಹಿಯನ್ನೂ ಪಡೆಯಲಿ. ಸಾಲಗಳು ಸುಸ್ತಿಯಾದ ಮೇಲೆ ನೋಟಿಸು ಕಳಿಸುವುದಕ್ಕಿಂತ ಇದು ಮಾನವೀಯ, ಬ್ಯಾಂಕಿಗೂ ಕ್ಷೇಮ.

ಈ ಸುಧಾರಣೆಗಳು ಬರುವವರೆಗೆ ತಂದೆತಾಯಿಯರು ಆ ಎರಡನೆಯ ಕಾಲಂ ಅನ್ನು ತಾವೇ ಒಂದು ಹಾಳೆಯ ಮೇಲೆ ಗೀಚಿಕೊಳ್ಳಬೇಕು. ಪರವಾನಗಿ ಇಲ್ಲದೆಯೂ ಆ ಪದವಿಗೆ ಆ ಬೆಲೆ ತೆರಬಹುದೇ ಎಂದು ಕೇಳಿಕೊಳ್ಳಬೇಕು. ಹೌದು ಎಂಬ ಉತ್ತರ ಬಂದರೆ ಮಗಳನ್ನು ನಿಶ್ಚಿಂತೆಯಿಂದ ವಿಮಾನ ಹತ್ತಿಸಬಹುದು. ಸಿಗುವ 18 ತಿಂಗಳು ಅಥವಾ ಮೂರು ವರ್ಷ ಲಾಭದ ಬಾಬತ್ತಿಗೆ ಸೇರುತ್ತದೆ. ಇಲ್ಲ ಎಂಬ ಉತ್ತರ ಬಂದರೆ, ಮನೆಪತ್ರವನ್ನು ಅಡವಿಡುತ್ತಿರುವುದು ಓದಿಗಲ್ಲ, ಇನ್ನೊಂದು ದೇಶದ ಮುಂದಿನ ಚುನಾವಣೆಯ ಫಲಿತಾಂಶಕ್ಕೆ ಎಂಬುದನ್ನಾದರೂ ತಿಳಿದು ಸಹಿ ಮಾಡಬೇಕು.