ಕೊನೆಯ ಸಾಲಿನ ಆರಡಿ ಆಸಾಮಿ

ಏಳು ಸೀಟಿನ ಗಾಡಿ ಕೊಳ್ಳುವ ಮನೆಗಳಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಬುಕಿಂಗ್‌ಗೆ ಮೊದಲೇ ತೀರ್ಮಾನವಾಗಿರುತ್ತದೆ. ಅಪ್ಪ ಅಮ್ಮನಿಗೆ ನಡುಸಾಲು, ಅಳಿಯ ಬಂದರೆ ಅವರಿಗೆ ಮುಂದಿನ ಸೀಟು, ಕೊನೆಯ ಸಾಲು ಮಕ್ಕಳಿಗೆ. ಮಕ್ಕಳು ಪಿಯುಸಿಗೆ ಬರುವಷ್ಟರಲ್ಲಿ ಅಪ್ಪನ ತಲೆ ಮೀರಿ ಬೆಳೆದಿರುತ್ತಾರೆ, ಗಾಡಿ ಮಾತ್ರ ಇದ್ದಷ್ಟೇ ಇರುತ್ತದೆ. ಮದುವೆಯಾಗದ ಆರಡಿ ಚಿಕ್ಕಪ್ಪನೊಬ್ಬನಿದ್ದರೆ ಅವನ ಗತಿಯೂ ಅದೇ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟವನು ಹಾಸನದಲ್ಲಿ ಕಾಫಿಗೆಂದು ಇಳಿಯುವಾಗಲೇ ಸೊಂಟ ಹಿಡಿದುಕೊಂಡಿರುತ್ತಾನೆ.

ಶೋರೂಮಿನಲ್ಲಿ ಎಲ್ಲರೂ ನೋಡುವುದು ಮಂಡಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವೆ ಎಷ್ಟು ಬೆರಳು ಜಾಗ ಉಳಿಯಿತು ಎಂದು. ಸೊಂಟ ನೋಯುವುದಕ್ಕೆ ಮುಖ್ಯ ಕಾರಣ ಅದಲ್ಲ. ಪಾದ ಊರುವ ನೆಲದಿಂದ ಸೀಟು ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೋಡಬೇಕು. ಊಟದ ಮೇಜಿನ ಕುರ್ಚಿ ನೆಲದಿಂದ ಸುಮಾರು 45 ಸೆಂ.ಮೀ. ಎತ್ತರವಿರುತ್ತದೆ. ಆರಡಿ ಆಳಿನ ಹಿಮ್ಮಡಿಯಿಂದ ಮಂಡಿಯ ಹಿಂಬದಿಯವರೆಗಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಎಷ್ಟೋ ಎಸ್‌ಯುವಿಗಳ ಕೊನೆಯ ಸಾಲಿನಲ್ಲಿ ಈ ಎತ್ತರ ಒಂದಡಿಯ ಆಸುಪಾಸಿಗೆ ಇಳಿದಿರುತ್ತದೆ. ಮಿಕ್ಕ ಅರ್ಧ ಅಡಿ ಕಾಲು ಎಲ್ಲಿಗೆ ಹೋಗಬೇಕು? ಮಂಡಿ ಎದೆಯ ಕಡೆಗೆ ಏರುತ್ತದೆ, ತೊಡೆ ಸೀಟನ್ನು ಬಿಟ್ಟು ಮೇಲಕ್ಕೆ ಬರುತ್ತದೆ. ತೊಡೆಯುದ್ದಕ್ಕೂ ಹಂಚಿಹೋಗಬೇಕಿದ್ದ ಮೈಭಾರವೆಲ್ಲ ಪೃಷ್ಠದ ಎರಡು ಮೂಳೆಗಳ ಮೇಲೆ ಕೂರುತ್ತದೆ. ಸೊಂಟ ಹಿಂದಕ್ಕೆ ವಾಲಿ ಬೆನ್ನಿನ ಕೆಳಭಾಗ ಗೂನಾಗುತ್ತದೆ. ಮೂರು ತಾಸು ಕುಕ್ಕರುಗಾಲಿನಲ್ಲಿ ಕೂತಂತೆಯೇ ಸರಿ. ಮಂಡಿಯ ಮುಂದೆ ಒಂದು ಗೇಣು ಜಾಗ ಖಾಲಿ ಬಿದ್ದಿದ್ದರೂ ಈ ನೋವು ತಪ್ಪುವುದಿಲ್ಲ.

ನೆಲ ಹಾಗೇಕೆ ಮೇಲೇಳುತ್ತದೆ ಎಂದು ತಿಳಿಯಲು ಗಾಡಿಯ ಅಡಿಗೆ ಬಗ್ಗಿ ನೋಡಿದರೆ ಸಾಕು. ಕೊನೆಯ ಸಾಲಿನವರು ಕಾಲಿಡುವ ಜಾಗದ ಕೆಳಗೆ ಸಾಮಾನ್ಯವಾಗಿ ಇಂಧನದ ಟ್ಯಾಂಕ್ ಇರುತ್ತದೆ. ಅದರ ಹಿಂದೆ ಆಕ್ಸಲ್, ಸಸ್ಪೆನ್ಷನ್, ಸೈಲೆನ್ಸರ್ ಕೊಳವೆ, ಸ್ಟೆಪ್ನಿ. ಇವೆಲ್ಲದರ ಮೇಲೆ ನೆಲ ಹಾಸಬೇಕು. ಏಣಿಯಾಕಾರದ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಯಾದರೆ ಚಾಸಿಯ ದಪ್ಪವೂ ಸೇರುತ್ತದೆ. ಎರಡೂ ಚಕ್ರ ಜೋಡಿಸುವ ಒಂದೇ ಗಟ್ಟಿ ಆಕ್ಸಲ್ ಇದ್ದರೆ, ಅದು ಗುಂಡಿಯಲ್ಲಿ ಮೇಲೆ ಕೆಳಗೆ ಆಡಲು ಮತ್ತಷ್ಟು ಜಾಗ ಬಿಡಬೇಕು. ನೆಲ ಏರಿತೆಂದು ಸೀಟನ್ನೂ ಏರಿಸಿದರೆ ತಲೆ ಛಾವಣಿಗೆ ತಾಗುತ್ತದೆ. ಹೀಗಾಗಿ ಸೀಟು ನೆಲಕ್ಕೆ ಅಂಟಿಕೊಳ್ಳುತ್ತದೆ. ಬ್ಯಾಟರಿಯನ್ನು ನೆಲದಡಿ ಹಾಸುವ ಎಲೆಕ್ಟ್ರಿಕ್ ಗಾಡಿಗಳಲ್ಲಿ ನಡುಸಾಲಿನವರಿಗೂ ಈ ಕಷ್ಟ ಸ್ವಲ್ಪ ಬಂದಿದೆ.

ಅದಕ್ಕೇ ಗಾಡಿಯ ಒಟ್ಟು ಉದ್ದ ನೋಡಿ ಮೋಸಹೋಗಬಾರದು. ಫಾರ್ಚುನರ್ 4795 ಮಿ.ಮೀ. ಉದ್ದವಿದೆ, ಕಿಯಾ ಕಾರೆನ್ಸ್ 4540. ಕಾರೆನ್ಸ್ ಒಂದು ಗೇಣಿಗಿಂತ ಹೆಚ್ಚು ಗಿಡ್ಡ. ಆದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, ಅಂದರೆ ವೀಲ್‌ಬೇಸ್, ಫಾರ್ಚುನರ್‌ನಲ್ಲಿ 2745, ಕಾರೆನ್ಸ್‌ನಲ್ಲಿ 2780. ಮೂರು ಸಾಲಿನ ಜನ ಕೂರುವುದು ಹೆಚ್ಚಾಗಿ ಈ ಅಳತೆಯೊಳಗೆ. ಬಾನೆಟ್ ಎಷ್ಟು ಗತ್ತಿನಿಂದ ಮುಂದೆ ಚಾಚಿದ್ದರೂ ಹಿಂದೆ ಕೂತವನ ಕಾಲಿಗೆ ಅದರಿಂದ ಏನೂ ಸಿಗುವುದಿಲ್ಲ. ಇನ್ನೂ ಸ್ಪಷ್ಟವಾದ ಉದಾಹರಣೆ ಬೇಕೆಂದರೆ ನಮ್ಮ ಬಿಡದಿಯಲ್ಲೇ ತಯಾರಾಗುವ ಎರಡು ಇನ್ನೋವಾಗಳನ್ನು ಪಕ್ಕಪಕ್ಕ ನಿಲ್ಲಿಸಬೇಕು. ಹಳೆಯ ಮಾದರಿಯ ಕ್ರಿಸ್ಟಾಗಿಂತ ಹೈಕ್ರಾಸ್ ಉದ್ದದಲ್ಲಿ ಬರೀ 20 ಮಿ.ಮೀ. ಹೆಚ್ಚು, ವೀಲ್‌ಬೇಸ್‌ನಲ್ಲಿ 100 ಮಿ.ಮೀ. ಹೆಚ್ಚು. ಕ್ರಿಸ್ಟಾದ ಚಾಸಿ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡೂ ಹೈಕ್ರಾಸ್‌ನಲ್ಲಿಲ್ಲ, ಎಂಜಿನ್ ಮುಂದಿನ ಚಕ್ರವನ್ನೇ ತಿರುಗಿಸುತ್ತದೆ. ಹಾಗೆ ಉಳಿದ ಜಾಗ ಒಳಗೆ ಕೂತವರಿಗೆ ಬಂತು. ಎತ್ತರದವರಿಗೆ ಎಸ್‌ಯುವಿಗಿಂತ ಕಾರೆನ್ಸ್, ಇನ್ನೋವಾಗಳಂಥ ಎಂಪಿವಿ ಹಿತ ಎನ್ನುವುದರ ಗುಟ್ಟು ಇಷ್ಟೇ, ಆದರೆ ರಸ್ತೆಯಲ್ಲಿ ಗತ್ತು ಬೇಕೆನ್ನುವವರು ಒಪ್ಪುವುದಿಲ್ಲ.

ಇನ್ನು ತಲೆಯ ವಿಚಾರ. ಆರಡಿ ಎಂದರೆ 183 ಸೆಂ.ಮೀ., ಅದರಲ್ಲಿ ಕೂತಾಗಿನ ಎತ್ತರ ಸುಮಾರು 95. ಆದರೆ ಎಲ್ಲ ಆರಡಿಯೂ ಒಂದೇ ಅಲ್ಲ. ಕೆಲವರಿಗೆ ಕಾಲು ಉದ್ದ, ಕೆಲವರಿಗೆ ಮುಂಡ ಉದ್ದ. ಉದ್ದ ಕಾಲಿನವರು ಒಂದಿಷ್ಟು ಓರೆಯಾಗಿ ಕೂತು ನಡುವಿನ ಸಂದಿಗೆ ಕಾಲು ಚಾಚಿ ಸುಧಾರಿಸಿಕೊಳ್ಳಬಹುದು. ಉದ್ದ ಮುಂಡದವರಿಗೆ ಉಪಾಯವಿಲ್ಲ. ಹಿಂದಕ್ಕೆ ಇಳಿಜಾರಾಗುವ ಛಾವಣಿ, ಡಿಕ್ಕಿ ಬಾಗಿಲಿನ ಕೀಲು ಕೂರುವ ದಪ್ಪ ತೊಲೆ ಎರಡೂ ಅವರ ನೆತ್ತಿಯ ಹತ್ತಿರವೇ ಬರುತ್ತವೆ. ಸೀಟಿನ ಬೆನ್ನು ಹಿಂದಕ್ಕೆ ವಾಲುವಂತಿದ್ದರೆ ತುಸು ನಿರಾಳ. ಹೆಡ್‌ರೆಸ್ಟ್ ಇಳಿಸಿಯೇ ಕೂತರೆ ಅದು ಹೆಗಲ ನಡುವೆ ಒತ್ತುತ್ತದೆ, ಹಿಂದಿನಿಂದ ಯಾರಾದರೂ ಗುದ್ದಿದರೆ ಕತ್ತಿಗೆ ಆಸರೆಯೂ ಇರುವುದಿಲ್ಲ. ಮೇಲೆತ್ತಿಕೊಂಡೇ ಕೂರಬೇಕು. ಬೆಲ್ಟೂ ಅಷ್ಟೇ, ಹಿಂದಿನ ಸೀಟಿನವರಿಗೂ ಅದು ಕಾನೂನು.

ಕುಲುಕಾಟಕ್ಕೂ ಲೆಕ್ಕವಿದೆ. 10 ಸೆಂ.ಮೀ. ಎತ್ತರದ ಹಂಪ್ ಮೇಲೆ ಹಿಂದಿನ ಚಕ್ರ ಹತ್ತಿತು ಎನ್ನಿ. ಸಸ್ಪೆನ್ಷನ್ ನುಂಗುವ ಪಾಲನ್ನು ಬದಿಗಿಟ್ಟರೆ, ಆಕ್ಸಲ್‌ನ ನೇರ ಮೇಲೆ ಕೂತವರು ಪೂರ್ತಿ 10 ಸೆಂ.ಮೀ. ಮೇಲೇಳುತ್ತಾರೆ. ಆಗ ಮುಂದಿನ ಚಕ್ರ ನೆಲದಲ್ಲೇ ಇರುವುದರಿಂದ ನಡುಸಾಲಿನವರು ಏಳುವುದು ಸುಮಾರು ಆರೇಳು. ಕೊನೆಯ ಸಾಲು ಇರುವುದು ಆಕ್ಸಲ್‌ನ ಬಳಿಯೇ, ಕೆಲವು ಗಾಡಿಗಳಲ್ಲಿ ಅದಕ್ಕೂ ಹಿಂದೆ. ಶಿರಾಡಿ ಘಾಟಿಯಲ್ಲಿ ಹಿಂದೆ ಕೂತವರಿಗೇ ಮೊದಲು ಹೊಟ್ಟೆ ತೊಳಸುವುದಕ್ಕೆ ಈ ಏರಿಳಿತವೂ ಕಾರಣ, ಮುಂದಿನ ರಸ್ತೆ ಕಾಣದಿರುವುದೂ ಕಾರಣ. ಎಸಿ ವೆಂಟ್ ಇದೆ ಎಂದು ಬ್ರೋಷರ್ ಹೇಳಿದರೂ, ಕೆಲವು ಗಾಡಿಗಳಲ್ಲಿ ಹಿಂದಿರುವುದು ಬರೀ ಬ್ಲೋವರ್. ಮುಂದೆ ತಣಿದು ಬಂದ ಗಾಳಿಯನ್ನೇ ಅದು ಎಳೆದು ಬಿಡುತ್ತದೆ.

ಹಾಗಾದರೆ ಕೊಳ್ಳುವ ಮುಂಚೆ ಹೇಗೆ ಪರೀಕ್ಷಿಸುವುದು? ಮನೆಯ ಅತಿ ಎತ್ತರದ ಇಬ್ಬರನ್ನು ಕರೆದುಕೊಂಡು ಹೋಗಿ. ಶೋರೂಮಿನವರು ನಡುಸಾಲಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿಯೇ ಕೊನೆಯ ಸಾಲು ತೋರಿಸುವುದುಂಟು. ಮೊದಲು ಓಡಿಸುವವರು ತಮಗೆ ಬೇಕಾದಂತೆ ಸೀಟು ಹೊಂದಿಸಿಕೊಳ್ಳಲಿ, ಅವರ ಹಿಂದೆ ಒಬ್ಬ ಎತ್ತರದವರು ಹಿತವಾಗಿ ಕೂರಲಿ, ಆಮೇಲೆ ಇನ್ನೊಬ್ಬರು ಹಿಂದೆ ಹತ್ತಲಿ. ಕೂತವರ ತೊಡೆಯಡಿ ಅಂಗೈ ತೂರಿಸಿ ನೋಡಿ. ಮಂಡಿಯ ಹತ್ತಿರ ಎರಡು ಬೆರಳು ಹೋದರೆ ತೊಂದರೆಯಿಲ್ಲ. ಇಡೀ ಕೈ ತೊಡೆಯ ನಡುವಿನವರೆಗೆ ಸಲೀಸಾಗಿ ಹೋದರೆ ಅದು ಊರೊಳಗೆ ಓಡಾಡುವಷ್ಟಕ್ಕೆ ಮಾತ್ರ ಸರಿ. ನಡುಸಾಲಿನ ಸೀಟಿನ ಕೆಳಗೆ ಬೂಟು ಹಾಕಿದ ಪಾದ ತೂರುತ್ತದೆಯೇ ಎಂಬುದನ್ನು ಮರೆಯದೆ ನೋಡಬೇಕು. ತೂರಿದರೆ ಮಂಡಿ ಇಳಿಯುತ್ತದೆ, ತೊಡೆ ಸೀಟಿಗೆ ಊರುತ್ತದೆ. ನಡುವೆ ಎರಡೇ ಕ್ಯಾಪ್ಟನ್ ಸೀಟು ಇರುವ ಆರು ಸೀಟಿನ ಮಾದರಿ ಎತ್ತರದವರಿಗೆ ವಾಸಿ ಎನ್ನುವುದು ಇದೇ ಕಾರಣಕ್ಕೆ, ಕಾಲು ಚಾಚಲು ನಡುದಾರಿ ಸಿಗುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಎತ್ತರದವರು ಹಿಂದೆಯೇ ಕೂರಬೇಕು, ಹಂಪ್ ಇರುವ ರಸ್ತೆಯಲ್ಲೇ ಹೋಗಬೇಕು.

ಈಗಾಗಲೇ ಗಾಡಿ ಕೊಂಡಾಗಿದ್ದರೆ ಮಾಡಬಹುದಾದ್ದು ಕಡಿಮೆ. ನಡುಸಾಲು ಸರಿಯುವಂತಿದ್ದರೆ ನಾಲ್ಕು ಬೆರಳು ಮುಂದೆ ತರಿಸಿ. ಮುಂಭಾಗ ದಪ್ಪಗಿರುವ ಇಳಿಜಾರು ದಿಂಬು ತೊಡೆಗೆ ಆಸರೆ ಕೊಡುತ್ತದೆ, ತಲೆ ತಾಗದವರಿಗೆ ಮಾತ್ರ. ಹಿಂದೆ ಒಬ್ಬರೇ ಇದ್ದರೆ ಮತ್ತೊಂದು ಅರ್ಧ ಸೀಟನ್ನು ಮಡಚಿ ಲಗೇಜು ಅಲ್ಲಿಡಿ, ಬ್ಯಾಗುಗಳು ಕಾಲಬುಡಕ್ಕೆ ಬರುವುದು ತಪ್ಪುತ್ತದೆ. ಹತ್ತುವಾಗ ತಲೆ ಮೊದಲು ತೂರಿಸದೆ ಒಂದು ಕಾಲಿಟ್ಟು, ಕೂತು, ಆಮೇಲೆ ಇನ್ನೊಂದು ಕಾಲು ಎಳೆದುಕೊಂಡರೆ ಬೆನ್ನು ಉಳುಕುವುದಿಲ್ಲ. ಪ್ರತಿ ಕಾಫಿ ನಿಲುಗಡೆಯಲ್ಲೂ ಸೀಟು ಬದಲಿಸುವ ಪದ್ಧತಿಗೆ ಅಳಿಯಂದಿರೂ ಒಪ್ಪಿದರೆ ಒಳ್ಳೆಯದು. ಇನ್ನು ಏಳೂ ಜನ ದೊಡ್ಡವರು ಒಟ್ಟಿಗೆ ಹೊರಡುವುದು ವರ್ಷಕ್ಕೊಂದೆರಡು ಸಲ ಮಾತ್ರವಾದರೆ, ಐದು ಸೀಟಿನದನ್ನೇ ಕೊಂಡು, ಆ ಎರಡು ಸಲಕ್ಕೆ ಒಂದು ಟೆಂಪೊ ಟ್ರಾವೆಲರ್ ಬಾಡಿಗೆಗೆ ಹೇಳುವುದೇ ನನ್ನ ಪ್ರಕಾರ ಸರಿ. ಅದರಲ್ಲಿ ಒಳಗೆ ಎದ್ದು ಓಡಾಡಲೂ ಜಾಗವಿರುತ್ತದೆ.