ನಿಮಗಿದು ಗೊತ್ತೇ? ಸ್ಪೀಕರ್ ಯಾವ ಪಕ್ಷ?

ಬಿಡದಿಯವರು ಮತ ಹಾಕುವುದು ಮಾಗಡಿ ವಿಧಾನಸಭಾ ಕ್ಷೇತ್ರಕ್ಕೆ. ಆ ಕ್ಷೇತ್ರದ ಶಾಸಕರ ಮೇಲಿನ ಅನರ್ಹತೆ ಅರ್ಜಿಗೆ ಸ್ಪೀಕರ್ ತೀರ್ಪು ಬರಲೇ ಇಲ್ಲ ಎಂಬುದು ನೆನಪಿದೆಯೇ? 2016ರ ಜೂನ್‌ನಲ್ಲಿ ನಡೆದ ರಾಜ್ಯಸಭಾ ಚುನಾವಣೆಯಲ್ಲಿ ಮಾಗಡಿಯ ಎಚ್.ಸಿ. ಬಾಲಕೃಷ್ಣ ಸೇರಿದಂತೆ ಜೆಡಿಎಸ್‌ನ ಕೆಲವು ಶಾಸಕರು ಅಡ್ಡಮತದಾನ ಮಾಡಿ ಕಾಂಗ್ರೆಸ್ ಅಭ್ಯರ್ಥಿಯನ್ನು ಗೆಲ್ಲಿಸಿದರು. ಇವರನ್ನು ಅನರ್ಹಗೊಳಿಸಿ ಎಂದು ಜೆಡಿಎಸ್ ಸ್ಪೀಕರ್ ಮೊರೆ ಹೋಯಿತು. ಪೀಠದಲ್ಲಿದ್ದವರು ಕಾಂಗ್ರೆಸ್‌ನಿಂದ ಬಂದ ಕೆ.ಬಿ. ಕೋಳಿವಾಡ. 2018ರ ಮಾರ್ಚ್‌ನಲ್ಲಿ ಏಳು ಮಂದಿ ತಾವಾಗಿಯೇ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು. ಅಲ್ಲಿಗೆ ಅರ್ಜಿಯ ಕತೆಯೂ ಮುಗಿಯಿತು.

ಅದಕ್ಕೂ ಮೊದಲು, 2010ರಲ್ಲಿ, ಅದೇ ವಿಧಾನಸೌಧದಲ್ಲಿ ಎಂಥ ಅವಸರ! ಬಿಜೆಪಿಯ 11 ಮತ್ತು ಪಕ್ಷೇತರ 5, ಒಟ್ಟು 16 ಶಾಸಕರು ಯಡಿಯೂರಪ್ಪ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ವಾಪಸ್ ಪಡೆದಿದ್ದರು. ವಿಶ್ವಾಸಮತ ಇದ್ದದ್ದು ಅಕ್ಟೋಬರ್ 11, ಸೋಮವಾರ. ಹಿಂದಿನ ದಿನ ಭಾನುವಾರವೇ ಸ್ಪೀಕರ್ ಕೆ.ಜಿ. ಬೋಪಯ್ಯ ಅಷ್ಟೂ ಜನರನ್ನು ಅನರ್ಹಗೊಳಿಸಿದರು. ನೋಟಿಸ್‌ಗೆ ಉತ್ತರಿಸಲು ನಿಯಮದಲ್ಲಿರುವುದು ಏಳು ದಿನ, ಇವರಿಗೆ ಸಿಕ್ಕದ್ದು ಅದರ ಅರ್ಧದಷ್ಟು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು.

ಸ್ಪೀಕರ್ ಮನಸ್ಸಿನಲ್ಲಿ ಯಾವ ಪಕ್ಷವಿದೆ ಎಂದು ಇಣುಕಿ ನೋಡಲು ಯಾರಿಂದಲೂ ಆಗದು. ಯಾವ ಕಡತವನ್ನು ಭಾನುವಾರವೂ ಬಿಚ್ಚಿದರು, ಯಾವುದನ್ನು ವರ್ಷ ಕಳೆದರೂ ಮುಗಿಸಲಿಲ್ಲ ಎಂಬುದಂತೂ ಎಲ್ಲರಿಗೂ ಕಾಣುತ್ತದೆ. ಪಕ್ಷಪಾತವನ್ನು ಅಲ್ಲಿಯೇ ಹುಡುಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಪೀಕರ್ ಆದವರು ಪಕ್ಷ ಬಿಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಆದರೆ ಬಿಡುವವರಿಗೆ ದಾರಿ ಇದೆ! 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಸ್ಪೀಕರ್ ಆಗಿ ಆಯ್ಕೆಯಾದ ಕಾರಣಕ್ಕೆ ಪಕ್ಷ ತೊರೆದವರು ಅನರ್ಹರಾಗುವುದಿಲ್ಲ, ಪೀಠದಿಂದ ಇಳಿದ ಮೇಲೆ ಮತ್ತೆ ಅದೇ ಪಕ್ಷಕ್ಕೆ ಮರಳಬಹುದು. ಈ ದಾರಿ ಹಿಡಿದವರು ಎಷ್ಟು ಕಡಿಮೆ ಎಂದು ನೆನೆದರೆ ಬೇಸರವಾಗುತ್ತದೆ. ಕಾಯ್ದೆ ಬರುವುದಕ್ಕೂ ಬಹಳ ಮುಂಚೆ, 1967ರಲ್ಲಿ, ಲೋಕಸಭೆಯ ಸ್ಪೀಕರ್ ಆದ ನೀಲಂ ಸಂಜೀವ ರೆಡ್ಡಿ ಕಾಂಗ್ರೆಸ್‌ಗೆ ರಾಜೀನಾಮೆ ಕೊಟ್ಟಿದ್ದರು.

ಸ್ಪೀಕರ್ ಸ್ಥಾನದಿಂದ ನೇರವಾಗಿ ಮುಖ್ಯಮಂತ್ರಿ ಕುರ್ಚಿಗೆ ಹೋದವರೂ ಇದ್ದಾರೆ: ಎಸ್.ಆರ್. ಕಂಠಿ, 1962ರಲ್ಲಿ. ಎಸ್.ಎಂ. ಕೃಷ್ಣ, ಜಗದೀಶ ಶೆಟ್ಟರ್ ಅವರೂ ಸ್ಪೀಕರ್ ಆಗಿದ್ದು ಕೆಲವು ವರ್ಷಗಳ ನಂತರ ಮುಖ್ಯಮಂತ್ರಿಯಾದರು.

1881ರಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಅಧ್ಯಕ್ಷರು ಯಾರು ಗೊತ್ತೇ? ದಿವಾನರೇ. ಸರ್ಕಾರ ನಡೆಸುವವರೇ ಸಭೆಯನ್ನೂ ನಡೆಸುತ್ತಿದ್ದರು.

ಪಕ್ಷವೇ ಹೊರಹಾಕಿದ ಸ್ಪೀಕರ್ ಲೋಕಸಭೆಯ ಸೋಮನಾಥ ಚಟರ್ಜಿ. 2008ರಲ್ಲಿ ಯುಪಿಎ ಸರ್ಕಾರಕ್ಕೆ ಬೆಂಬಲ ಹಿಂತೆಗೆದ ಸಿಪಿಎಂ, ತನ್ನ ಸಂಸದರ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಿತು. ಅವರು ಪೀಠ ಬಿಟ್ಟು ಇಳಿಯಲಿಲ್ಲ. ಜುಲೈ 22ರ ವಿಶ್ವಾಸಮತದ ಕಲಾಪ ನಡೆಸಿಕೊಟ್ಟರು, ಮರುದಿನವೇ ಉಚ್ಚಾಟನೆ. ಪಕ್ಷದ ಅಭಿಪ್ರಾಯ ಮನಸ್ಸಿನಲ್ಲಿದ್ದರೂ ಪೀಠದ ಮಾತು ಉಳಿಸಿಕೊಳ್ಳಬಹುದೇ ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಹೆಸರು ಇದು.

ಚನ್ನಪಟ್ಟಣದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ 2019ರ ಜುಲೈ 23ರ ರಾತ್ರಿ ಬಿತ್ತಲ್ಲ, ಆ ವಿಶ್ವಾಸಮತದ ಎಣಿಕೆ ನಡೆದದ್ದು ಹೀಗೆ: ಸದಸ್ಯರು ಸಾಲು ಸಾಲಾಗಿ ಎದ್ದು ನಿಂತರು, ಸಿಬ್ಬಂದಿ ತಲೆ ಎಣಿಸಿದರು. ಪರ 99, ವಿರುದ್ಧ 105. ಸ್ಪೀಕರ್ ರಮೇಶ್ ಕುಮಾರ್ ಮತ ಹಾಕಲಿಲ್ಲ. ಹಾಕುವ ಹಾಗೂ ಇರಲಿಲ್ಲ, ಏಕೆಂದರೆ ಸಂವಿಧಾನದ 189ನೇ ವಿಧಿಯಂತೆ ಎರಡೂ ಕಡೆ ಸಮಬಲವಾದಾಗ ಮಾತ್ರ ಸ್ಪೀಕರ್‌ಗೆ ಮತ. ಅದೇ ತಿಂಗಳು ಅವರು ಕಾಂಗ್ರೆಸ್-ಜೆಡಿಎಸ್ ಮೈತ್ರಿಕೂಟದ 17 ಬಂಡಾಯ ಶಾಸಕರನ್ನು ಅನರ್ಹಗೊಳಿಸಿ, 2023ರವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಅವಧಿಯ ನಿರ್ಬಂಧವನ್ನು ತೆಗೆದುಹಾಕಿತು. ತಟಸ್ಥರಾಗಿರಬೇಕಾದ ಸ್ಪೀಕರ್‌ಗಳು ಹಾಗಿರದೆ ನಡೆದುಕೊಳ್ಳುವುದು ಹೆಚ್ಚುತ್ತಿದೆ ಎಂದೂ ಹೇಳಿತು.

ಅನರ್ಹತೆಯ ಅಧಿಕಾರ ಸ್ಪೀಕರ್ ಕೈಯಲ್ಲಿರಬೇಕೇ ಎಂಬ ಬಗ್ಗೆ 1992ರಲ್ಲೇ ಸುಪ್ರೀಂ ಕೋರ್ಟ್ ಎರಡಾಗಿತ್ತು. ಇರಲಿ ಎಂದು ಮೂವರು ನ್ಯಾಯಮೂರ್ತಿಗಳು, ಬೇಡ ಎಂದು ಇಬ್ಬರು. ಬಹುಮತದ ತೀರ್ಪು ಬರೆದವರು ನಮ್ಮವರೇ ಆದ ಎಂ.ಎನ್. ವೆಂಕಟಾಚಲಯ್ಯ. ಆ ಇಬ್ಬರ ಅನುಮಾನ ಎಷ್ಟು ಸರಿಯಿತ್ತು ಎಂಬುದನ್ನು ಕರ್ನಾಟಕವೇ ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ಬ್ರಿಟನ್‌ನಲ್ಲಿ ಸ್ಪೀಕರ್ ಆದವರು ಪಕ್ಷ ಬಿಡುತ್ತಾರೆ. ಚುನಾವಣೆಯಲ್ಲಿ ಅವರ ಎದುರು ದೊಡ್ಡ ಪಕ್ಷಗಳು ಅಭ್ಯರ್ಥಿ ಹಾಕದಿರುವುದು ರೂಢಿ. ನಮ್ಮಲ್ಲಿ ಐದು ವರ್ಷಕ್ಕೊಮ್ಮೆ ಪಕ್ಷದ ಟಿಕೆಟ್‌ಗೇ ಕಾಯಬೇಕು.

2020ರ ಜನವರಿಯಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಅನರ್ಹತೆ ಅರ್ಜಿ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಇತ್ಯರ್ಥವಾಗಬೇಕು ಎಂದಿತು. ಈ ಕೆಲಸವನ್ನು ಸ್ಪೀಕರ್ ಬದಲು ಸ್ವತಂತ್ರ ನ್ಯಾಯಮಂಡಳಿಗೆ ವಹಿಸುವ ಬಗ್ಗೆ ಯೋಚಿಸಿ ಎಂದು ಸಂಸತ್ತಿಗೂ ಸಲಹೆ ಕೊಟ್ಟಿತು. 2025ರ ಜುಲೈ 31ರಂದು ತೆಲಂಗಾಣದ ಸ್ಪೀಕರ್‌ಗೂ ಅದೇ ಮೂರು ತಿಂಗಳ ಗಡುವು ವಿಧಿಸಬೇಕಾಯಿತು.