ಒಕ್ಕಗಳು ಒಂದಾಗುವ ಹಾಕಿ ಅಂಗಳ

ಬೇಸಿಗೆ ಬಂತೆಂದರೆ ಕೊಡಗಿನ ಮನೆಗಳಲ್ಲಿ ಹಾಕಿ ಸ್ಟಿಕ್ಕುಗಳ ಹುಡುಕಾಟ ಶುರು. ತಾತ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡಿದರೂ ಯಾರಿಗೂ ಅಚ್ಚರಿಯಿಲ್ಲ. ಮದುವೆಯಾಗಿ ಹೋದ ಮಗಳು ತವರಿನ ಪರವಾಗಿಯೂ ಆಡಬಹುದು. ಇಲ್ಲಿ ತಂಡವೆಂದರೆ ಕ್ಲಬ್ಬಲ್ಲ, ಒಂದೇ ಮನೆಹೆಸರಿನ ಕೊಡವ ‘ಒಕ್ಕ’.

ಎಂ.ಪಿ. ಗಣೇಶ್, ಬಿ.ಪಿ. ಗೋವಿಂದರಂಥ ಒಲಿಂಪಿಯನ್ನರನ್ನು ಕೊಟ್ಟ ನೆಲವಿದು. ಉದ್ಯೋಗ ಅರಸಿ ಊರೂರಿಗೆ ಚದುರಿಹೋದ ಬಂಧುಗಳನ್ನು ಆಟದ ನೆಪದಲ್ಲಾದರೂ ಸೇರಿಸಬೇಕೆಂದು ಹೊರಟವರು ಬ್ಯಾಂಕ್ ಉದ್ಯೋಗಿಯಾಗಿದ್ದ ಪಾಂಡಂಡ ಕುಟ್ಟಪ್ಪ. 1997ರಲ್ಲಿ ಕರಡ ಗ್ರಾಮದಲ್ಲಿ ನಡೆದ ಮೊದಲ ಪಂದ್ಯಾವಳಿಗೆ 60 ಒಕ್ಕಗಳು ಬಂದವು.

ಈ ಹಬ್ಬಕ್ಕೆ ಸ್ವಂತದ್ದೆನ್ನುವ ಅಂಗಳವಿಲ್ಲ. ವರ್ಷಕ್ಕೊಂದು ಒಕ್ಕ ಆತಿಥ್ಯದ ಹೊಣೆ ಹೊರುತ್ತದೆ. ಕಪ್ಪಿಗೂ ಅದರದೇ ಹೆಸರು. ಮೈದಾನ ಸಜ್ಜುಗೊಳಿಸುವುದು, ತಾತ್ಕಾಲಿಕ ಗ್ಯಾಲರಿ ಕಟ್ಟಿಸುವುದು, ಬಂದವರ ಊಟೋಪಚಾರ ನೋಡುವುದು ಎಲ್ಲವೂ ಅದರ ಪಾಲಿಗೆ. ಹೀಗಾಗಿ ಹೊಣೆ ಹೊರುವವರಿಲ್ಲದಿದ್ದರೆ ಆಟವೂ ಇಲ್ಲ.

2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕಪ್ ಮುಗಿದ ಕೆಲವೇ ತಿಂಗಳಲ್ಲಿ ಮಳೆ, ಭೂಕುಸಿತ ಕೊಡಗನ್ನು ನಡುಗಿಸಿತು. ಮರುವರ್ಷ ಹಬ್ಬ ನಡೆಯಲಿಲ್ಲ. ಹಿಂದೆಯೇ ಕೊರೊನಾ ಬಂತು. ಅಂಗಳ ಬರಿದಾಗಿದ್ದ 2020ರಲ್ಲೇ ಕುಟ್ಟಪ್ಪ ಕಣ್ಮುಚ್ಚಿದರು.

ನಾಲ್ಕು ವರ್ಷಗಳ ಮೌನ ಮುರಿದದ್ದು 2023ರಲ್ಲಿ, ಅದೇ ನಾಪೋಕ್ಲುವಿನಲ್ಲಿ, ಅಪ್ಪಚೆಟ್ಟೋಳಂಡ ಒಕ್ಕ. ಮರುವರ್ಷ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ ಹೆಸರು ಕೊಟ್ಟ ಒಕ್ಕಗಳು 396. ಕುಟ್ಟಪ್ಪ ಕರೆದಿದ್ದು ಬಂಧುಗಳನ್ನು. ಬಂದದ್ದು ಇಡೀ ನಾಡು.